ಸ್ಕ್ರಲ್‌ಗಳು, ಮೂರು ಹಸುಗಳು ಮತ್ತು ಬೆನ್ ಗ್ರಿಮ್: 1962ರ ಒಂದು ಕಾಮಿಕ್ ಓದುವ ಬಗೆ

ಮಾರ್ವೆಲ್ ಸಂಸ್ಥೆಯ ‘ಫ್ಯಾಂಟಾಸ್ಟಿಕ್ ಫೋರ್’ ಕಾಮಿಕ್‌ನ ಎರಡನೆಯ ಸಂಚಿಕೆಯ ಮೇಲೆ ಅಚ್ಚಾಗಿರುವುದು 1962ರ ಜನವರಿ ತಿಂಗಳು. ಬೆಲೆ 10 ಸೆಂಟ್. ಲೇಖಕ ಸ್ಟಾನ್ ಲೀ ಮತ್ತು ಚಿತ್ರಕಾರ ಜ್ಯಾಕ್ ಕರ್ಬಿ ಸೇರಿ ಮಾಡಿದ ಈ ಕಥೆಯಲ್ಲಿ ಸ್ಕ್ರಲ್ ಎಂಬ ಅನ್ಯಗ್ರಹದ ಜೀವಿಗಳು ಮೊದಲ ಸಲ ಕಾಣಿಸಿಕೊಂಡರು. ಹಸಿರು ಮೈಯ, ಚೂಪು ಕಿವಿಯ ಕಾಮರೂಪಿಗಳು ಅವರು. 2019ರ ‘ಕ್ಯಾಪ್ಟನ್ ಮಾರ್ವೆಲ್’ ಸಿನಿಮಾ ನೋಡಿದವರಿಗೆ ಇವರ ಪರಿಚಯ ಇದ್ದೇ ಇರುತ್ತದೆ. ಆ ಕುತೂಹಲದಿಂದ ಹಳೆಯ ಸಂಚಿಕೆಯನ್ನು ಹುಡುಕಿ ತೆರೆದವರಲ್ಲಿ ಅನೇಕರು ನಾಲ್ಕಾರು ಪುಟ ಓದಿ ಕೆಳಗಿಡುತ್ತಾರೆ. ಮಾತು ಜಾಸ್ತಿ, ಕಥೆ ಓಡುತ್ತದೆ, ಬಣ್ಣ ಕಣ್ಣಿಗೆ ಹೊಡೆಯುತ್ತದೆ ಎನ್ನುತ್ತಾರೆ. ಈ ದೂರುಗಳಲ್ಲಿ ಸುಳ್ಳೇನೂ ಇಲ್ಲ. ಆದರೂ ಈ ಕಾಮಿಕ್ ಅನ್ನು ಸರಿಯಾದ ಕ್ರಮದಲ್ಲಿ ಓದಿದರೆ ಅದು ಕೊಡುವುದು ಬಹಳ ಇದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆ ಕ್ರಮವನ್ನೇ ಇಲ್ಲಿ ಹೇಳುತ್ತಿದ್ದೇನೆ.

ಓದುವಾಗ ಒಂದು ಎಳೆಯನ್ನು ಕೈಬಿಡಬೇಡಿ. ಈ ಸಂಚಿಕೆಯಲ್ಲಿ ಮೂರು ಬಗೆಯ ರೂಪಾಂತರಗಳಿವೆ. ಬೇಕೆಂದಾಗ ಬೇಕಾದಂತೆ ಬದಲಾಗುವವರಿದ್ದಾರೆ. ಬೇಡವೆಂದರೂ ಬದಲಾಗಿ, ಹಿಂದಿರುಗಲಾಗದೆ ನಿಂತವನೊಬ್ಬನಿದ್ದಾನೆ. ಬದಲಾಗಿ, ತಾವು ಯಾರಾಗಿದ್ದೆವು ಎಂಬುದನ್ನೇ ಮರೆತವರಿದ್ದಾರೆ. ಕಥೆಯ ನಿಜವಾದ ಬಲ ಹೊಡೆದಾಟದಲ್ಲಿಲ್ಲ, ಈ ಮೂವರನ್ನು ಒಂದೇ ಸಂಚಿಕೆಯೊಳಗೆ ತಂದು ನಿಲ್ಲಿಸಿರುವುದರಲ್ಲಿದೆ.

ಮೊದಲ ಹೆಜ್ಜೆ: ಯಾವ ಪ್ರತಿ ಓದಬೇಕು

1962ರ ಮೂಲ ಪ್ರತಿ ಈಗ ಸಂಗ್ರಾಹಕರ ವಸ್ತು. ಓದುವುದಕ್ಕಾಗಿ ಅದನ್ನು ಕೊಳ್ಳುವ ಅಗತ್ಯವಿಲ್ಲ. ಮಾರ್ವೆಲ್‌ನ ‘ಎಪಿಕ್ ಕಲೆಕ್ಷನ್’ ಮಾಲೆಯಲ್ಲಿ ಫ್ಯಾಂಟಾಸ್ಟಿಕ್ ಫೋರ್‌ನ ಮೊದಲ ಸಂಪುಟ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ. ಅದರಲ್ಲಿ 1ರಿಂದ 18ರವರೆಗಿನ ಸಂಚಿಕೆಗಳಿವೆ. ಸ್ಕ್ರಲ್‌ಗಳ ಕಥೆ ಮತ್ತೆ ಬಿಸಿಯಾಗುವುದು 18ನೆಯ ಸಂಚಿಕೆಯಲ್ಲಿ, ಹಾಗಾಗಿ ಒಂದೇ ಪುಸ್ತಕದಲ್ಲಿ ಕೆಲಸ ಮುಗಿಯುತ್ತದೆ. ‘ಮೈಟಿ ಮಾರ್ವೆಲ್ ಮಾಸ್ಟರ್‌ವರ್ಕ್ಸ್’ ಎಂಬ ಮಾಲೆಯ ಮೊದಲ ಸಂಪುಟ ಕೈಗೆ ಹಗುರ, ಬೆಲೆಯೂ ಕಡಿಮೆ; ಆದರೆ ಪುಟ ಚಿಕ್ಕದು. ಕರ್ಬಿಯ ಚಿತ್ರಕ್ಕೆ ಜಾಗ ಬೇಕು. ಆಯ್ಕೆ ಇದ್ದರೆ ದೊಡ್ಡ ಪುಟವನ್ನೇ ಆರಿಸಿ.

ಮರುಮುದ್ರಣಗಳಲ್ಲಿ ಒಂದು ತೊಡಕಿದೆ. ಮೂಲ ಕಾಮಿಕ್ ಅಚ್ಚಾದದ್ದು ಅಗ್ಗದ ನ್ಯೂಸ್‌ಪ್ರಿಂಟ್ ಕಾಗದದ ಮೇಲೆ, ನಾಲ್ಕು ಶಾಯಿಗಳಲ್ಲಿ, ಸಣ್ಣ ಸಣ್ಣ ಚುಕ್ಕೆಗಳಾಗಿ. ಸ್ಕ್ರಲ್‌ಗಳ ಹಸಿರು ಹಳದಿಯ ಮೇಲೆ ನೀಲಿ ಕೂತು ಹುಟ್ಟಿದ ಬಣ್ಣ. ಆ ಕಾಗದ ಶಾಯಿಯನ್ನು ಹೀರಿ ಬಣ್ಣವನ್ನು ಮೆತ್ತಗೆ ಮಾಡುತ್ತಿತ್ತು. ಅದೇ ಬಣ್ಣವನ್ನು ಹೊಳಪಿನ ಬಿಳಿ ಕಾಗದದ ಮೇಲೆ ಅಚ್ಚು ಮಾಡಿದಾಗ ಅದು ಕಿರುಚುತ್ತದೆ. ಕಣ್ಣಿಗೆ ಹೊಡೆಯುತ್ತದೆ ಎಂಬ ದೂರಿನ ಮೂಲ ಇದು. ತಪ್ಪು ಮೂಲ ಬಣ್ಣಗಾರರದ್ದಲ್ಲ. ಪರದೆಯ ಮೇಲೆ ಓದುವವರು ಬೆಳಕನ್ನು ಇಳಿಸಿ, ಹಳದಿ ಛಾಯೆಯ ಓದುವ ವಿಧಾನವನ್ನು ಹಾಕಿಕೊಂಡರೆ ಮೂಲ ಪುಟದ ಹದಕ್ಕೆ ಹತ್ತಿರ ಬರುತ್ತದೆ. ಮೊಬೈಲಿನಲ್ಲಿ ಒಂದೊಂದೇ ಚೌಕಟ್ಟನ್ನು ದೊಡ್ಡದಾಗಿಸಿ ತೋರಿಸುವ ಸೌಲಭ್ಯವನ್ನು ಮಾತ್ರ ಮುಟ್ಟಬೇಡಿ. ಕರ್ಬಿ ಯೋಚಿಸುತ್ತಿದ್ದದ್ದು ಪುಟವಾಗಿ.

ಎರಡನೆಯ ಹೆಜ್ಜೆ: ಮೊದಲ ಸಂಚಿಕೆಯನ್ನು ಬಿಡಬೇಡಿ

1961ರ ನವೆಂಬರ್ ತಿಂಗಳಿನ ಮೊದಲ ಸಂಚಿಕೆಯನ್ನು ಓದದೆ ಎರಡನೆಯದಕ್ಕೆ ಹೋದರೆ ಅರ್ಧ ಸ್ವಾರಸ್ಯ ಹೋಗುತ್ತದೆ. ಅಲ್ಲಿ ರೀಡ್ ರಿಚರ್ಡ್ಸ್ ಎಂಬ ವಿಜ್ಞಾನಿ, ಅವನನ್ನು ಮದುವೆಯಾಗಬೇಕಾಗಿದ್ದ ಸೂ ಸ್ಟಾರ್ಮ್, ಅವಳ ತಮ್ಮ ಜಾನಿ ಮತ್ತು ವಿಮಾನ ಚಾಲಕ ಬೆನ್ ಗ್ರಿಮ್ ರಾಕೆಟ್ ಏರುತ್ತಾರೆ. ಬಾಹ್ಯಾಕಾಶದ ಕಾಸ್ಮಿಕ್ ಕಿರಣಗಳು ಅವರ ಮೈಯನ್ನು ಬದಲಿಸುತ್ತವೆ. ರೀಡ್ ರಬ್ಬರಿನಂತೆ ಹಿಗ್ಗುತ್ತಾನೆ, ಸೂ ಕಣ್ಣಿಗೆ ಕಾಣದಾಗುತ್ತಾಳೆ, ಜಾನಿ ಹೊತ್ತಿ ಉರಿಯುತ್ತಾನೆ. ಬೆನ್ ಮಾತ್ರ ಒರಟು ಕಿತ್ತಳೆ ಬಣ್ಣದ ದೈತ್ಯನಾಗುತ್ತಾನೆ. ಅವನಿಗೆ ಹಿಂದಿರುಗುವ ದಾರಿಯಿಲ್ಲ.

ಇಲ್ಲಿ ಒಂದು ಪುಟವನ್ನು ನಿಧಾನವಾಗಿ ಓದಿ. ಆ ಕಿರಣಗಳು ಅಪಾಯಕಾರಿ ಎಂದು ಮೊದಲೇ ಎಚ್ಚರಿಸಿದವನು ಬೆನ್. ಕಮ್ಯುನಿಸ್ಟರು ನಮಗಿಂತ ಮುಂಚೆ ಹೋಗಿಬಿಡುತ್ತಾರೆ ಎಂದು ಒತ್ತಾಯಿಸಿದವಳು ಸೂ. ಅವನನ್ನು ಹೇಡಿ ಎಂದು ಕೆಣಕಿದವಳೂ ಅವಳೇ. ಯೂರಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋಗಿಬಂದದ್ದು 1961ರ ಏಪ್ರಿಲ್ 12ರಂದು ಎಂಬುದನ್ನು ನೆನಪಿಟ್ಟುಕೊಂಡರೆ ಆ ಅವಸರ ಎಲ್ಲಿಂದ ಬಂತು ಎಂದು ತಿಳಿಯುತ್ತದೆ. ಬೇಡ ಎಂದವನೇ ಎಲ್ಲರಿಗಿಂತ ಹೆಚ್ಚು ಬೆಲೆ ತೆತ್ತ. ಬೆನ್‌ನ ಸಿಟ್ಟು ಬರೀ ಮುಂಗೋಪವಲ್ಲ. ಅದಕ್ಕೆ ನ್ಯಾಯವಾದ ಕಾರಣವಿದೆ.

ಇನ್ನೊಂದು ವಿಷಯ. ಎರಡನೆಯ ಸಂಚಿಕೆ ಬರುವ ಹೊತ್ತಿಗೆ ಓದುಗರಿಗೆ ಈ ನಾಲ್ವರ ಪರಿಚಯ ಒಂದೇ ಸಂಚಿಕೆಯಷ್ಟು. ಅವರಿಗೆ ಇನ್ನೂ ಸಮವಸ್ತ್ರವಿಲ್ಲ. ನೀಲಿ ಉಡುಪು ಬರುವುದು ಮೂರನೆಯ ಸಂಚಿಕೆಯಲ್ಲಿ. ಮೊದಲ ಸಂಚಿಕೆಯಲ್ಲಿ ಊರಿನ ಜನ ಬೆನ್‌ನನ್ನು ಕಂಡು ಓಡಿದ್ದಾರೆ. ಈ ನಾಲ್ವರು ಒಳ್ಳೆಯವರೇ ಎಂಬ ಖಾತರಿ ಓದುಗನಿಗೆ ಪೂರ್ತಿಯಾಗಿ ಸಿಕ್ಕಿಲ್ಲ.

ಮೂರನೆಯ ಹೆಜ್ಜೆ: ಮೊದಲ ಸಲ ಚಿತ್ರಗಳನ್ನಷ್ಟೇ ನೋಡಿ

ಈಗ ಎರಡನೆಯ ಸಂಚಿಕೆಯನ್ನು ತೆರೆಯಿರಿ. ಮುಖಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ. ಅಂಗಡಿಯಲ್ಲಿ ಕಣ್ಣು ಸೆಳೆಯಬೇಕಾದ ಮುಖಪುಟ ಅನ್ಯಗ್ರಹದವರ ಗುಟ್ಟನ್ನು ಅಲ್ಲೇ ಬಿಟ್ಟುಕೊಡುತ್ತದೆ. ಒಳಗೆ ಹೋಗಿ, ಮಾತಿನ ಬಲೂನುಗಳನ್ನು ಓದದೆ ಸುಮಾರು 24 ಪುಟಗಳನ್ನು ಕೊನೆಯವರೆಗೆ ತಿರುವಿ.

ಇದು ವಿಚಿತ್ರ ಸಲಹೆ ಅನ್ನಿಸಬಹುದು, ಆದರೆ ಕಾರಣವಿದೆ. ‘ಮಾರ್ವೆಲ್ ವಿಧಾನ’ ಎಂದು ಹೆಸರಾದ ಪದ್ಧತಿಯಲ್ಲಿ ಲೀ ಕಥೆಯ ಹಂದರವನ್ನು ಮಾತ್ರ ಕೊಡುತ್ತಿದ್ದರು ಅಥವಾ ಇಬ್ಬರೂ ಕೂತು ಮಾತನಾಡುತ್ತಿದ್ದರು. ಯಾವ ಪುಟದಲ್ಲಿ ಏನಾಗಬೇಕು, ಯಾರು ಹೇಗೆ ನಿಲ್ಲಬೇಕು ಎಂಬುದನ್ನು ಚಿತ್ರಕಾರ ತೀರ್ಮಾನಿಸಿ ಬಿಡಿಸುತ್ತಿದ್ದ. ಮಾತು ಸೇರುತ್ತಿದ್ದದ್ದು ಆಮೇಲೆ. ಕಥೆಯಲ್ಲಿ ಯಾರ ಪಾಲು ಎಷ್ಟು ಎಂಬ ಜಗಳ ಇಂದಿಗೂ ಮುಗಿದಿಲ್ಲ. ಚಿತ್ರಗಳನ್ನಷ್ಟೇ ನೋಡಿದರೆ ಕರ್ಬಿ ಎಷ್ಟನ್ನು ಮಾತಿಲ್ಲದೆ ಹೇಳಿದ್ದಾರೆ ಎಂಬುದು ನಿಮಗೇ ಗೊತ್ತಾಗುತ್ತದೆ. ಆ ಜಗಳದಲ್ಲಿ ನಿಮ್ಮದೇ ಅಭಿಪ್ರಾಯ ಹುಟ್ಟುತ್ತದೆ. ನನ್ನ ಮಟ್ಟಿಗೆ, ಕರ್ಬಿಗೆ ಸಲ್ಲಬೇಕಾದಷ್ಟು ಮನ್ನಣೆ ಸಲ್ಲುವುದು ತಡವಾಯಿತು.

ಚಿತ್ರ ನೋಡುವಾಗ ರೂಪ ಬದಲಾಗುವ ಜಾಗಗಳನ್ನು ಗುರುತಿಸಿ. ಬದಲಾವಣೆ ಒಂದು ಚೌಕಟ್ಟಿನ ಒಳಗೇ ಆಗುತ್ತದೆಯೋ, ಎರಡು ಚೌಕಟ್ಟುಗಳ ನಡುವಿನ ಬಿಳಿಯ ಸಂದಿನಲ್ಲಿ ಆಗುತ್ತದೆಯೋ ನೋಡಿ. ಸಂದಿನಲ್ಲಿ ಆದರೆ ಅದನ್ನು ಪೂರ್ತಿ ಮಾಡುವುದು ನಿಮ್ಮ ಕಲ್ಪನೆ. ಬೆನ್‌ನ ಮೈಯನ್ನೂ ಗಮನಿಸಿ. ಇಂದು ಎಲ್ಲರಿಗೂ ಗೊತ್ತಿರುವ, ಕಲ್ಲುಗಳನ್ನು ಜೋಡಿಸಿದಂತಹ ಮೈ ಆಗ ಇರಲಿಲ್ಲ. ಇಲ್ಲಿ ಅದು ಹಸಿ ಮಣ್ಣಿನ ಮುದ್ದೆಯ ಹಾಗೆ ಉಬ್ಬುತಗ್ಗಾಗಿದೆ. ಕಲ್ಲಿನ ಮೈ ನಿಧಾನವಾಗಿ, ಮುಂದಿನ ವರ್ಷಗಳಲ್ಲಿ ರೂಪುಗೊಂಡದ್ದು. ನನಗೆ ಈ ಹಳೆಯ ಮೈ ಹೆಚ್ಚು ಇಷ್ಟ. ಕಲ್ಲಿನ ಮೈಯಲ್ಲಿ ಒಂದು ಅಂದವಿದೆ; ಇದರಲ್ಲಿ ನೋವು ಕಾಣುತ್ತದೆ.

ಇಲ್ಲಿಂದ ಮುಂದೆ ನಾನು ಕಥೆಯ ಕೊನೆಯನ್ನೂ ಹೇಳುತ್ತೇನೆ. ಓದಿರದಿದ್ದರೆ ಈಗ ಹೋಗಿ, ಮಾತುಗಳ ಸಮೇತ ಒಮ್ಮೆ ಓದಿ ಬನ್ನಿ.

ನಾಲ್ಕನೆಯ ಹೆಜ್ಜೆ: ಮೋಸದ ಪುಟಗಳನ್ನು ಅಂದಿನ ಕಣ್ಣಿನಿಂದ ಓದಿ

ಕಥೆ ಆರಂಭವಾಗುವುದು ನಾಲ್ಕು ಅಪರಾಧಗಳಿಂದ. ಥಿಂಗ್ ಎಂದು ಕರೆಯಲಾಗುವ ಬೆನ್ ಸಮುದ್ರದ ಮೇಲೆ ಕಟ್ಟಿದ ಗೋಪುರವನ್ನು ಕೆಡವುತ್ತಾನೆ. ಸೂ ಕೋಟಿ ಡಾಲರ್ ಬೆಲೆಯ ರತ್ನವನ್ನು ಎತ್ತಿಕೊಂಡು ಮಾಯವಾಗುತ್ತಾಳೆ. ಅನಾವರಣ ಸಮಾರಂಭದಲ್ಲೇ ಜಾನಿ ಅಮೃತಶಿಲೆಯ ಪ್ರತಿಮೆಯನ್ನು ಕರಗಿಸುತ್ತಾನೆ. ರೀಡ್ ಕೈ ಚಾಚಿ ಇಡೀ ನಗರದ ವಿದ್ಯುತ್ತನ್ನು ನಿಲ್ಲಿಸುತ್ತಾನೆ. ಆಮೇಲೆ ನಾಲ್ವರೂ ಒಂದೆಡೆ ಸೇರಿ ತಮ್ಮ ನಿಜ ರೂಪಕ್ಕೆ ಮರಳುತ್ತಾರೆ: ಸ್ಕ್ರಲ್‌ಗಳು. ಭೂಮಿಯನ್ನು ಗೆಲ್ಲಲು ಬಂದವರಿಗೆ ಈ ನಾಲ್ವರೇ ಅಡ್ಡಿ, ಆದ್ದರಿಂದ ಮೊದಲು ಜನರೇ ಅವರನ್ನು ಬೇಟೆಯಾಡುವಂತೆ ಮಾಡುವುದು ಅವರ ಉಪಾಯ.

ನಿಜವಾದ ನಾಲ್ವರು ಊರಿನಿಂದ ದೂರದ ಒಂದು ಮನೆಯಲ್ಲಿರುತ್ತಾರೆ. ಸೈನ್ಯ ಸುತ್ತುವರಿಯುತ್ತದೆ, ಅವರು ಶರಣಾಗುತ್ತಾರೆ. ಒಬ್ಬೊಬ್ಬರ ಶಕ್ತಿಗೆ ತಕ್ಕಂತೆ ಬೇರೆ ಬೇರೆ ಕೋಣೆಗಳಲ್ಲಿ ಕೂಡಿಡುತ್ತಾರೆ, ಅವರು ತಪ್ಪಿಸಿಕೊಳ್ಳುತ್ತಾರೆ. ತಪ್ಪಿಸಿಕೊಳ್ಳುವ ಪುಟಗಳಲ್ಲಿ ಚುರುಕಿದೆ, ಅಷ್ಟೇ. ಬೇಗ ದಾಟಿ ಹೋಗಬಹುದು.

ಯೋಚಿಸಬೇಕಾದದ್ದು ಬೇರೆ: ಇವರೇ ಮಾಡಿರಬಹುದು ಎಂದು ಜನ ಅಷ್ಟು ಬೇಗ ನಂಬಿದ್ದೇಕೆ? ಕಾಲ ಶೀತಲ ಸಮರದ್ದು. ಪಕ್ಕದ ಮನೆಯವನ ಮುಖದ ಹಿಂದೆ ಶತ್ರು ಇರಬಹುದು ಎಂಬ ಭಯವನ್ನು ಅಮೆರಿಕ ಒಂದು ದಶಕಕ್ಕೂ ಹೆಚ್ಚು ಕಾಲ ಉಸಿರಾಡಿತ್ತು. ಬರ್ಲಿನ್ ಗೋಡೆ ಎದ್ದದ್ದು 1961ರ ಆಗಸ್ಟ್‌ನಲ್ಲಿ. ಮುಖ ಕದಿಯುವ ಶತ್ರುವಿನ ಕಥೆಗೆ ಬೇಕಾದ ಅಂಜಿಕೆ ಗಾಳಿಯಲ್ಲೇ ಇತ್ತು. ಆದರೆ ಕಥೆ ಸ್ಕ್ರಲ್‌ಗಳನ್ನು ಮಾತ್ರ ದೂರುವುದಿಲ್ಲ. ವಿಚಾರಣೆಗೆ ಮೊದಲೇ ಬಂದೂಕು ಹಿಡಿದು ನಿಲ್ಲುವವರು ಮನುಷ್ಯರು. ಬೆನ್‌ನ ಕಹಿ ಮಾತುಗಳನ್ನು ಈ ಬೆಳಕಿನಲ್ಲಿ ಇನ್ನೊಮ್ಮೆ ಓದಿ.

ಆಮೇಲೆ ಜಾನಿ ಹೂಡುವ ಆಟ ನನಗೆ ಬಹಳ ಹಿಡಿಸುತ್ತದೆ. ರಾಕೆಟ್ ಉಡಾವಣೆಯ ಜಾಗಕ್ಕೆ ಹೋಗಿ ತಾನೇ ವಿಧ್ವಂಸಕನಂತೆ ನಟಿಸುತ್ತಾನೆ. ಇವನು ನಮ್ಮವನೇ ಎಂದು ಭಾವಿಸಿ ಸ್ಕ್ರಲ್‌ಗಳು ಅವನನ್ನು ಕರೆದೊಯ್ಯುತ್ತಾರೆ. ವೇಷ ಹಾಕಿದವರನ್ನು ಹಿಡಿಯಲು ನಿಜವಾದವನು ತನ್ನದೇ ವೇಷವನ್ನು ಹಾಕಬೇಕಾಯಿತು!

ಐದನೆಯ ಹೆಜ್ಜೆ: ಬೆನ್ ಮನುಷ್ಯನಾಗುವ ಚೌಕಟ್ಟುಗಳಲ್ಲಿ ನಿಲ್ಲಿ

ಸಾಮಾನ್ಯವಾಗಿ ಓದುಗರು ಓಡಿಬಿಡುವ ಜಾಗ ಇದು. ನಿಜವಾದ ನಾಲ್ವರೂ ಸ್ಕ್ರಲ್‌ಗಳ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಗಿ, ಸ್ಕ್ರಲ್ ಸೇನಾಧಿಪತಿಯನ್ನು ಕಂಡು (ಆ ಭೇಟಿಯ ಮಾತು ಮುಂದಿನ ಹೆಜ್ಜೆಯಲ್ಲಿ), ಭೂಮಿಗೆ ಹಿಂದಿರುಗುವಾಗ ಮತ್ತೆ ವಿಕಿರಣದ ಪಟ್ಟಿಯನ್ನು ಹಾಯುತ್ತಾರೆ. ಬೆನ್ ಗ್ರಿಮ್ ಮನುಷ್ಯನಾಗುತ್ತಾನೆ. ಬಹಳ ಹೊತ್ತೇನಲ್ಲ. ಅವನು ಅದನ್ನು ನಂಬುವಷ್ಟರಲ್ಲಿ ದೈತ್ಯರೂಪ ಮರಳಿ ಬರುತ್ತದೆ.

ಕೆಲವೇ ಚೌಕಟ್ಟುಗಳ ವಿಷಯ. ಆದರೆ ಸುತ್ತ ಏನಿದೆ ನೋಡಿ. ಸ್ಕ್ರಲ್‌ಗಳಿಗೆ ಮೈ ಎಂದರೆ ಅಂಗಿ. ಹಾಕುವುದೂ ಸುಲಭ, ಕಳಚುವುದೂ ಸುಲಭ. ಇದೇ ಸಂಚಿಕೆಯ ಆರಂಭದಲ್ಲಿ ಅವರಲ್ಲೊಬ್ಬ ಬೆನ್‌ನ ಮೈಯನ್ನೇ ತೊಟ್ಟು, ಕೆಲಸ ಮುಗಿದೊಡನೆ ತೆಗೆದುಹಾಕಿದ್ದಾನೆ. ಬೆನ್‌ಗೆ ಆಗದಿರುವುದು ಅದೊಂದೇ. ಲೀ ಮತ್ತು ಕರ್ಬಿ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಪಕ್ಕಪಕ್ಕದಲ್ಲಿಟ್ಟು ಸುಮ್ಮನಾಗುತ್ತಾರೆ. ಇಲ್ಲಿಯವರೆಗೆ ಓದಿದ ಮೇಲೆ ಒಮ್ಮೆ ಹಿಂದಕ್ಕೆ ಹೋಗಿ, ಸ್ಕ್ರಲ್ ಒಬ್ಬ ಥಿಂಗ್‌ನ ರೂಪವನ್ನು ಬಿಡುವ ಜಾಗವನ್ನು ನೋಡಿ ಬನ್ನಿ. ಎರಡನ್ನೂ ಒಟ್ಟಿಗೆ ನೋಡಿದಾಗ ಆಗುವ ಸಂಕಟ ಬಿಡಿಬಿಡಿಯಾಗಿ ಓದಿದಾಗ ಆಗುವುದಿಲ್ಲ.

ಆರನೆಯ ಹೆಜ್ಜೆ: ಸೇನಾಧಿಪತಿಗೆ ತೋರಿಸಿದ ಚಿತ್ರಗಳು, ಹುಲ್ಲು ಮೇಯುವ ಹಸುಗಳು

ಸ್ಕ್ರಲ್ ಸೇನಾಧಿಪತಿಯ ಎದುರು ರೀಡ್ ಮತ್ತು ಸಂಗಡಿಗರು ಸ್ಕ್ರಲ್‌ಗಳಂತೆಯೇ ನಟಿಸುತ್ತಾರೆ. ಭೂಮಿಯ ರಕ್ಷಣಾ ಪಡೆಗಳು ಇವು ಎಂದು ಕೆಲವು ಭಯಾನಕ ಚಿತ್ರಗಳನ್ನು ಮುಂದಿಡುತ್ತಾರೆ. ಸೇನಾಧಿಪತಿ ಹೆದರಿ ದಂಡೆತ್ತುವುದನ್ನೇ ಕೈಬಿಡುತ್ತಾನೆ, ರೀಡ್‌ಗೆ ಶೌರ್ಯ ಪದಕವನ್ನೂ ಕೊಡುತ್ತಾನೆ. ಆ ಚಿತ್ರಗಳು ‘ಸ್ಟ್ರೇಂಜ್ ಟೇಲ್ಸ್’ ಮತ್ತು ‘ಜರ್ನಿ ಇನ್‌ಟು ಮಿಸ್ಟರಿ’ ಎಂಬ ಕಾಮಿಕ್‌ಗಳಿಂದ ಕತ್ತರಿಸಿದವು.

ಇವೆರಡೂ ಅದೇ ಪ್ರಕಾಶಕರ ರಾಕ್ಷಸ ಕಥೆಗಳ ಮಾಲೆಗಳು. ಲೀ ಮತ್ತು ಕರ್ಬಿ ಅದಕ್ಕೂ ಮುಂಚಿನ ವರ್ಷಗಳಲ್ಲಿ ಮಾಡುತ್ತಿದ್ದದ್ದು ಇಂಥ ಕಥೆಗಳನ್ನೇ. ಅಮೆರಿಕದ ಕಾಮಿಕ್ ಪ್ರಕಾಶಕರು ತಾವೇ ಹಾಕಿಕೊಂಡ ನಿಯಮಾವಳಿಯಾದ 1954ರ ಕಾಮಿಕ್ಸ್ ಕೋಡ್ ರಕ್ತಪಿಶಾಚಿ, ತೋಳಮಾನವರಂತಹ ಭೀತಿಯ ಸರಕನ್ನು ನಿಷೇಧಿಸಿದ ಮೇಲೆ ಉಳಿದಿದ್ದ ದಾರಿಗಳಲ್ಲಿ ಬಾಹ್ಯಾಕಾಶದ ದೈತ್ಯರು ಒಂದು. ಇಂದು ಸಿನಿಮಾದಿಂದ ಮಕ್ಕಳಿಗೂ ಗೊತ್ತಿರುವ ಗ್ರೂಟ್ 1960ರಲ್ಲಿ ಅಂತಹ ಒಂದು ಕಥೆಯ ದೈತ್ಯನಾಗಿ ಬಂದವನು. ಆ ಸಂಪುಟಗಳಿಂದ ಒಂದೆರಡು ಕಥೆಗಳನ್ನು ಈ ಹಂತದಲ್ಲಿ ಓದಿಕೊಂಡರೆ ಫ್ಯಾಂಟಾಸ್ಟಿಕ್ ಫೋರ್ ಯಾವ ಮಣ್ಣಿನಲ್ಲಿ ಬೆಳೆಯಿತು ಎಂಬುದು ಕಾಣುತ್ತದೆ. ಥಿಂಗ್ ಕೂಡ ಆ ರಾಕ್ಷಸರ ಕುಲದವನೇ, ವ್ಯತ್ಯಾಸವೆಂದರೆ ಅವನಿಗೆ ಒಂದು ಮನಸ್ಸನ್ನು ಕೊಟ್ಟರು. ಅನ್ಯಗ್ರಹದ ಸೈನ್ಯವೊಂದು ಅಚ್ಚಾದ ಕಾಗದದ ಚಿತ್ರಕ್ಕೆ ಹೆದರಿ ಓಡಿತು ಎಂದು ಬರೆಯಬೇಕಾದರೆ ಇಬ್ಬರಿಗೂ ತಮ್ಮ ಕಸುಬಿನ ಮೇಲೆ ಎಷ್ಟು ಪ್ರೀತಿ ಇದ್ದಿರಬೇಕು!

ಇನ್ನು ಕೊನೆಯ ಪುಟ. ಭೂಮಿಯಲ್ಲಿ ಉಳಿದ ಸ್ಕ್ರಲ್‌ಗಳನ್ನು ಏನು ಮಾಡುವುದು? ರೀಡ್ ಅವರಿಗೆ ಹಸುಗಳ ರೂಪ ತಾಳುವಂತೆ ಹೇಳಿ, ಸಮ್ಮೋಹನದಿಂದ ಅವರ ನೆನಪನ್ನು ಅಳಿಸುತ್ತಾನೆ. ಅವರು ಹುಲ್ಲುಗಾವಲಿನಲ್ಲಿ ನೆಮ್ಮದಿಯಾಗಿ ಮೇಯುತ್ತಾರೆ. ಮೊದಲ ಓದಿನಲ್ಲಿ ನಗು ಬರುತ್ತದೆ, ಬರಲಿ. ಎರಡನೆಯ ಓದಿನಲ್ಲಿ ಕೆಲವು ಪ್ರಶ್ನೆಗಳನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಕೊಲ್ಲದೆ ಬಿಟ್ಟದ್ದು ಕರುಣೆಯೇ? ನೆನಪನ್ನೇ ಕಿತ್ತುಕೊಂಡರೆ ಉಳಿದವನು ಯಾರು? ಎಲ್ಲವೂ ನೆನಪಿರುವ ಬೆನ್‌ನ ದುಃಖ ದೊಡ್ಡದೋ, ಏನೂ ನೆನಪಿಲ್ಲದ ಹಸುಗಳ ನೆಮ್ಮದಿ ದೊಡ್ಡದೋ? ರೀಡ್ ಮಾಡಿದ್ದು ಸರಿಯೆಂದು ನನಗೆ ಇಂದಿಗೂ ಅನ್ನಿಸಿಲ್ಲ. ಗೆಳೆಯನ ಮೈಯನ್ನು ಮರಳಿಸಲಾರದ ವಿಜ್ಞಾನಿ ಶತ್ರುವಿನ ಮೈಗೆ ಶಾಶ್ವತವಾಗಿ ಬೀಗ ಹಾಕಿದ.

ಪುಸ್ತಕ ಮುಚ್ಚುವ ಮುನ್ನ ತಲೆ ಎಣಿಸಿ. ಬಂದ ಮೋಸಗಾರರು ನಾಲ್ವರು. ಹಸುಗಳು ಮೂರು.

ಏಳನೆಯ ಹೆಜ್ಜೆ: ಆ ಹಸುಗಳ ಹಿಂದೆ ಹೋಗಿ

ಅದೇ ಸಂಪುಟದ 18ನೆಯ ಸಂಚಿಕೆಯಲ್ಲಿ, ಅಂದರೆ 1963ರ ಸೆಪ್ಟೆಂಬರ್‌ನದರಲ್ಲಿ, ನಾಲ್ವರ ಶಕ್ತಿಗಳನ್ನೂ ಒಬ್ಬನಲ್ಲೇ ತುಂಬಿಸಿಕೊಂಡ ಸೂಪರ್ ಸ್ಕ್ರಲ್ ಬರುತ್ತಾನೆ. ಅದು ಉತ್ಸಾಹದ ಕಥೆ, ಆದರೆ ಆಳ ಕಡಿಮೆ. 32ನೆಯ ಸಂಚಿಕೆಯಲ್ಲಿ ಸ್ಕ್ರಲ್‌ಗಳ ಕುತಂತ್ರಕ್ಕೆ ಸೂ ಮತ್ತು ಜಾನಿಯ ತಂದೆ ಬಲಿಯಾಗುತ್ತಾರೆ. ಶತ್ರುತ್ವ ಮನೆಯೊಳಗೆ ಬರುವುದು ಅಲ್ಲಿಂದ.

ಸಮಯ ಕಡಿಮೆ ಇರುವವರು ಅಲ್ಲಿಂದ ನೇರವಾಗಿ ‘ಅವೆಂಜರ್ಸ್’ ಕಾಮಿಕ್‌ನ 89ರಿಂದ 97ರವರೆಗಿನ ಸಂಚಿಕೆಗಳಿಗೆ ಹೋಗಬಹುದು. 1971–72ರ ಈ ಕಥೆ ‘ಕ್ರೀ–ಸ್ಕ್ರಲ್ ಯುದ್ಧ’ ಎಂದೇ ಹೆಸರಾಗಿದೆ; ಕ್ರೀ ಎಂದರೆ ಸ್ಕ್ರಲ್‌ಗಳ ಶತ್ರುಗಳಾದ ಇನ್ನೊಂದು ಅನ್ಯಗ್ರಹದ ಜನಾಂಗ. ಬರೆದವರು ರಾಯ್ ಥಾಮಸ್. ಚಿತ್ರಕಾರರು ಸಾಲ್ ಬುಸೆಮಾ, ನೀಲ್ ಆಡಮ್ಸ್ ಮತ್ತು ಜಾನ್ ಬುಸೆಮಾ. ಥಾಮಸ್ ಕಾಮಿಕ್‌ಗಳ ಅಭಿಮಾನಿಯಾಗಿದ್ದು ಆಮೇಲೆ ಲೇಖಕರಾದವರು. ಅಭಿಮಾನಿ ಎಣಿಸುವುದನ್ನು ಅವರೂ ಎಣಿಸಿದ್ದರು. ಮೂರು ಹಸುಗಳು ಮತ್ತೆ ಸ್ಕ್ರಲ್‌ಗಳಾಗಿ ಕಥೆಗೆ ಬರುತ್ತವೆ. ನಾಲ್ಕನೆಯವನು ಅಷ್ಟು ವರ್ಷ ಎಲ್ಲಿ, ಯಾವ ಮುಖದಲ್ಲಿ ಇದ್ದ ಎಂಬುದಕ್ಕೂ ಕೊನೆಯ ಸಂಚಿಕೆಯಲ್ಲಿ ಉತ್ತರವಿದೆ. ಅದನ್ನು ನಾನು ಹೇಳುವುದಿಲ್ಲ. ಈ ಒಂಬತ್ತರಲ್ಲಿ ನೀಲ್ ಆಡಮ್ಸ್ ಚಿತ್ರಿಸಿದ 93ನೆಯದನ್ನು ತುಸು ದೊಡ್ಡ ಪುಟದಲ್ಲಿ ನೋಡಲು ಪ್ರಯತ್ನಿಸಿ.

ಹಸುಗಳ ಹಾಲು ಏನಾಯಿತು ಎಂದು ಕೇಳುವವರು ಇದ್ದೇ ಇರುತ್ತಾರೆ. ಲೇಖಕ, ಚಿತ್ರಕಾರ ಜಾನ್ ಬರ್ನ್ ಆ ಪ್ರಶ್ನೆಯನ್ನು ಹಿಡಿದು 1983ರ ಫ್ಯಾಂಟಾಸ್ಟಿಕ್ ಫೋರ್ 17ನೆಯ ವಾರ್ಷಿಕ ಸಂಚಿಕೆಯನ್ನು ಮಾಡಿದರು. ಹಾಲು ಕುಡಿದ ಒಂದು ಊರಿಗೆ ಊರೇ ಬದಲಾಗುತ್ತದೆ. 1995ರ ‘ಸ್ಕ್ರಲ್ ಕಿಲ್ ಕ್ರೂ’ ಇನ್ನೂ ಮುಂದೆ ಹೋಗಿ ಮಾಂಸದ ವಿಷಯ ಎತ್ತುತ್ತದೆ. ಅದು ಒರಟು, ರಕ್ತ ಹೆಚ್ಚು. ಮಕ್ಕಳ ಕೈಗೆ ಕೊಡಬೇಡಿ. ಬರ್ನ್ ಅವರ ಕಥೆಯನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.

ಮೂಲ ಪ್ರತಿ, ಅಥವಾ ಆ ಕಾಲದ ಯಾವುದೇ ಕಾಮಿಕ್, ಮನೆಯಲ್ಲಿ ಇದ್ದರೆ

ಮರದಿಂದ ಬರುವ ಲಿಗ್ನಿನ್ ಎಂಬ ಅಂಶ ಇರುವುದರಿಂದ ನ್ಯೂಸ್‌ಪ್ರಿಂಟ್ ಕಾಗದ ಬೆಳಕು ಮತ್ತು ಗಾಳಿಗೆ ಹಳದಿಯಾಗಿ, ಆಮ್ಲೀಯವಾಗಿ, ಕೊನೆಗೆ ಪುಡಿಯಾಗುತ್ತದೆ. ಅದನ್ನು ನಿಲ್ಲಿಸಲಾಗದು, ನಿಧಾನಗೊಳಿಸಬಹುದು. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಚೀಲದಲ್ಲಿ, ಬೆನ್ನಿಗೆ ಆಮ್ಲರಹಿತ ರಟ್ಟು ಕೊಟ್ಟು, ನೇರವಾಗಿ ನಿಲ್ಲಿಸಿಡಿ. ಸಾಮಾನ್ಯ ಪ್ಲಾಸ್ಟಿಕ್ ಚೀಲ ಹಾಕಿದ್ದರೆ ಕೆಲವು ವರ್ಷಗಳಿಗೊಮ್ಮೆ ಬದಲಿಸಿ. ಕರಾವಳಿ, ಮಲೆನಾಡಿನಲ್ಲಿ ಇರುವವರು ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಅದು ತೇವ ಹೀರಿಕೊಂಡ ಮೇಲೆ ಬದಲಿಸುತ್ತಿರಬೇಕು. ಅಟ್ಟದ ಮೇಲೆ ಇಡಬೇಡಿ, ಹೊರಗೋಡೆಗೆ ತಾಗಿಸಿ ಇಡಬೇಡಿ. ಹರಿದಿದ್ದರೆ ಸೆಲೋಟೇಪ್ ಅಂಟಿಸಬೇಡಿ. ಅದರ ಅಂಟು ಕಾಗದಕ್ಕೆ ಇಳಿದು ಕಂದು ಕಲೆಯಾಗಿ ಉಳಿಯುತ್ತದೆ. ಓದುವಾಗ ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ಮೇಜಿನ ಮೇಲಿಟ್ಟು, ಪೂರ್ತಿ ಬಿಚ್ಚದೆ ಅರ್ಧ ತೆರೆದು ಓದಿ. ನಡುವಿನ ಪಿನ್ನು ತುಕ್ಕು ಹಿಡಿದಿದ್ದರೆ ನೀವೇ ಕೀಳಲು ಹೋಗದೆ ಕಾಗದ ಸಂರಕ್ಷಣೆ ಬಲ್ಲವರಿಗೆ ತೋರಿಸಿ.